ಬಿಳಿ ಮೋಡ ಕಂಡ ಮಾತ್ರಕ್ಕೆ ಮಳೆ ಬರಲ್ಲ

ಪ್ರಶ್ನೆ: ಚಿತ್ರದುರ್ಗ ಜಿಲ್ಲೆಯ ಪದವಿ ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುತ್ತೇನೆ. ಜುಲೈನಲ್ಲಿ ಇನ್ಸಾಟ್ ಉಪಗ್ರಹದ ಚಿತ್ರ ತೋರಿಸಿ, ನಮ್ಮ ಮೇಲೆ ಅಚ್ಚ ಬಿಳಿ ಮೋಡ ಇದೆ, ಮಳೆ ಬರುತ್ತದೆ ಎಂದೆ. ಹನಿ ಬೀಳಲಿಲ್ಲ. ಆಗುಂಬೆ ಮೇಲೆ ಬರೀ ಬೂದು ಬಣ್ಣವಿತ್ತು, ಅಲ್ಲಿ ಸುರಿಯಿತು. ಉಪಗ್ರಹದ್ದು ತಪ್ಪಾ?

ಉತ್ತರ: ಅಧ್ಯಾಪಕರಿಗೆ ತರಬೇತಿ ಕೊಡಲು ಹೋದಲ್ಲೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ಉಪಗ್ರಹದ್ದು ತಪ್ಪಿಲ್ಲ. ಅದು ಮಳೆಯನ್ನು ನೋಡೇ ಇಲ್ಲ. ನೀವು ತೋರಿಸಿದ್ದು ಕಣ್ಣಿಗೆ ಕಾಣದ ಶಾಖದ ಕಿರಣಗಳನ್ನು ಹಿಡಿಯುವ ಇನ್‌ಫ್ರಾರೆಡ್ ಚಿತ್ರ. ಸುಮಾರು 36,000 ಕಿ.ಮೀ. ಎತ್ತರದಿಂದ ಇನ್ಸಾಟ್-3ಡಿಎಸ್ ಅಳೆಯುವುದು ಮೋಡದ ನೆತ್ತಿ ಎಷ್ಟು ತಣ್ಣಗಿದೆ ಅನ್ನುವುದನ್ನು. ತಣ್ಣಗಿದ್ದಷ್ಟೂ ಬಿಳಿ.

ಒಂದು ಲೆಕ್ಕ ಮಾಡಿ. ಕಿಲೋಮೀಟರ್ ಮೇಲೇರಿದರೆ ಸುಮಾರು 6.5 ಡಿಗ್ರಿ ತಂಪಾಗುತ್ತದೆ. ನಿಮ್ಮಲ್ಲಿ ನೆಲದ ಹತ್ತಿರ 28 ಡಿಗ್ರಿ, ಮೋಡದ ನೆತ್ತಿ ಮೈನಸ್ 50 ಅಂತಿಟ್ಟುಕೊಳ್ಳಿ. ವ್ಯತ್ಯಾಸ 78. ಅಂದರೆ ಮೋಡ 12 ಕಿ.ಮೀ. ಮೇಲಿದೆ. ಮುಂಗಾರಿನಲ್ಲಿ ಆ ಎತ್ತರದಲ್ಲಿ ಗಾಳಿ ಪೂರ್ವದಿಂದ ಬೀಸುತ್ತದೆ. ಆಂಧ್ರದ ಕಡೆ ಎದ್ದ ಗುಡುಗು ಮೋಡದ ತಲೆ ಚದುರಿ ನಿಮ್ಮ ಮೇಲೆ ತೇಲಿ ಬಂದಿರಬಹುದು. ತೆಳ್ಳಗಿನ ಹಿಮಕಣಗಳ ಹಾಸು ಅದು. ಅದರಲ್ಲಿ ಮಳೆ ಎಲ್ಲಿಂದ ಬರಬೇಕು?

ಆಗುಂಬೆಯಲ್ಲಿ 22 ಡಿಗ್ರಿ, ನೆತ್ತಿ ಮೈನಸ್ 4 ಇರಲಿ. ವ್ಯತ್ಯಾಸ 26. ಮೋಡ 4 ಕಿ.ಮೀ. ಎತ್ತರವನ್ನೂ ದಾಟಿಲ್ಲ. ಬೂದು ಕಾಣುವುದು ಅದಕ್ಕೇ. ಆದರೆ ಅರಬ್ಬೀ ಸಮುದ್ರದ ತೇವದ ಗಾಳಿ ಘಟ್ಟಕ್ಕೆ ಡಿಕ್ಕಿ ಹೊಡೆದು ಮೇಲೇರುತ್ತಲೇ ಇರುತ್ತದೆ, ಮೋಡಕ್ಕೆ ನೀರು ಸಿಗುತ್ತಲೇ ಇರುತ್ತದೆ. ವರ್ಷಕ್ಕೆ 7,000 ಮಿ.ಮೀ. ದಾಟುವ ಊರು ಅದು. ಬರೀ ಇನ್‌ಫ್ರಾರೆಡ್ ನಂಬಿ ಮಳೆ ಅಂದಾಜು ಮಾಡುವವರು ಪಶ್ಚಿಮ ಘಟ್ಟದ ಮಳೆಯನ್ನು ಕಡಿಮೆ ಹೇಳುವುದು ಇದೇ ಕಾರಣಕ್ಕೆ.

ಹಾಗಾಗಿ ತರಬೇತಿಯ ಮೊದಲ ದಿನ ನಾನು ಯಾರಿಗೂ ಕಂಪ್ಯೂಟರ್ ಆನ್ ಮಾಡಲು ಬಿಡುವುದಿಲ್ಲ. ಚೌಕದ ಹಾಳೆ ಕೊಡುತ್ತೇನೆ. ಒಂದೊಂದು ಚೌಕ ಉಪಗ್ರಹದ 4 ಕಿ.ಮೀ. ಚುಕ್ಕೆ, ಅದರಲ್ಲಿ ಬರೀ ಉಷ್ಣತೆಯ ಅಂಕಿ. ಮೈನಸ್ 20, ಮೈನಸ್ 40ರ ಗೆರೆಗಳನ್ನು ಪೆನ್ಸಿಲ್‌ನಲ್ಲಿ ಎಳೆಯಬೇಕು. ಅರ್ಧ ಗಂಟೆ ನಂತರದ ಹಾಳೆಯಲ್ಲೂ ಎಳೆದು, ಮೋಡ ಎತ್ತ ಸರಿಯಿತು ನೋಡಬೇಕು. ಇಪ್ಪತ್ತು ವರ್ಷ ಪಾಠ ಮಾಡಿದವರೂ ಇಲ್ಲಿ ತಡವರಿಸುತ್ತಾರೆ. ಅಲ್ಲಿ ತಡವರಿಸಿದವರೇ ಮುಂದೆ ಚೆನ್ನಾಗಿ ಕಲಿಸುತ್ತಾರೆ. ಕೆಂಪು-ಹಳದಿ ಬಣ್ಣ ಹಚ್ಚಿದ ಚಿತ್ರದಿಂದ ಶುರು ಮಾಡಿದವರಿಗೆ ಬಣ್ಣ ಮಾತ್ರ ನೆನಪಿರುತ್ತದೆ.

ಮರುದಿನ ಆ ಹಾಳೆಯನ್ನು ನಿಮ್ಮ ಪಂಚಾಯಿತಿಯ ಮಳೆಮಾಪಕದ ಅಂಕಿಯ ಪಕ್ಕ ಇಡಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಆದರೆ ಗಡಿಯಾರದ ಬಗ್ಗೆ ಜೋಪಾನ. ಉಪಗ್ರಹದ ಸಮಯ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ. ಹವಾಮಾನ ಇಲಾಖೆಯ ಮಳೆ ದಿನ ಬೆಳಗ್ಗೆ 8:30ರಿಂದ ಮರುದಿನ 8:30ರವರೆಗೆ. ಸಂಜೆ 5ಕ್ಕೆ ಬಂದ ಗುಡುಗು ಮಳೆಯನ್ನು ಬೆಳಗ್ಗೆ 11:30ರದ್ದು ಎಂದು ಬರೆದ ಪ್ರಾಜೆಕ್ಟ್ ನೋಡಿದ್ದೇನೆ. ಮಾರ್ಗದರ್ಶಕರ ಸಹಿಯೂ ಇತ್ತು. ಅದನ್ನು ನೋಡಿ ನಿಜಕ್ಕೂ ಬೇಸರವಾಯಿತು.

ಪ್ರಶ್ನೆ: ಉಪಗ್ರಹ ಚಿತ್ರ ಓದಲು ಕಲಿಸುವ ಎರಡು ದಿನದ ಆನ್‌ಲೈನ್ ಕೋರ್ಸ್, ದುಡ್ಡು ಕಟ್ಟಿದರೆ ಸರ್ಟಿಫಿಕೇಟ್. ಸೇರಲಾ?

ಉತ್ತರ: ಉಪಗ್ರಹ ದತ್ತಾಂಶದ ಒಂದು ಫೈಲನ್ನಾದರೂ ನಿಮ್ಮ ಕೈಯಲ್ಲಿ ತೆರೆಸುತ್ತಾರಾ ಕೇಳಿ. ಇಲ್ಲ ಅಂದರೆ ದುಡ್ಡು ಉಳಿಸಿಕೊಳ್ಳಿ. ಸ್ಲೈಡ್ ಓದಿ ಸರ್ಟಿಫಿಕೇಟ್ ಹಂಚುವುದು ತರಬೇತಿ ಅಲ್ಲ, ವ್ಯಾಪಾರ.

ಪ್ರಶ್ನೆ: ಕೋಡಿಂಗ್ ಬರಲ್ಲ. ಉಪಗ್ರಹ ಚಿತ್ರದ ಪಾಠ ಮಾಡಬಹುದಾ?

ಉತ್ತರ: ಖಂಡಿತ. ನಾಸಾದ ಉಪಗ್ರಹ ಚಿತ್ರಗಳ ತಾಣ ವರ್ಲ್ಡ್‌ವ್ಯೂ ಬ್ರೌಸರ್‌ನಲ್ಲೇ ತೆರೆಯುತ್ತದೆ. ಇನ್ಸಾಟ್ ದತ್ತಾಂಶಕ್ಕೆ ಇಸ್ರೋದ ಮೋಸ್‌ಡ್ಯಾಕ್ ತಾಣದಲ್ಲಿ ಹೆಸರು ನೋಂದಾಯಿಸಿ. ಕಾಲೇಜಿನಲ್ಲಿ ನೆಟ್ ನಿಧಾನ ಇದ್ದರೆ ಹಿಂದಿನ ರಾತ್ರಿಯೇ ಇಳಿಸಿಕೊಂಡು ಹೋಗಿ.

ಪ್ರಶ್ನೆ: ದೀಪಾವಳಿ ರಾತ್ರಿ ಭಾರತ ಹೊಳೆಯುವ ನಾಸಾ ಫೋಟೋ ತರಗತಿಯಲ್ಲಿ ತೋರಿಸಬಹುದಾ?

ಉತ್ತರ: ಬೇಡ. ಅದು ಹಲವು ವರ್ಷಗಳ ರಾತ್ರಿ ಬೆಳಕಿನ ಚಿತ್ರಗಳನ್ನು ಸೇರಿಸಿ ಬಣ್ಣ ಹಚ್ಚಿದ್ದು, ದೀಪಾವಳಿಯದ್ದಲ್ಲ. ನಾಸಾ 2012ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. ಆದರೂ ಪ್ರತಿ ವರ್ಷ ನನಗೆ ಇದನ್ನು ಕಳಿಸುವವರಲ್ಲಿ ಅಧ್ಯಾಪಕರೇ ಜಾಸ್ತಿ.