ಪಾರ್ಶ್ವವಾಯುವಿನ ನಂತರದ ಆರೈಕೆ: ಅರ್ಹ ಆಕ್ಯುಪೇಷನಲ್ ಥೆರಪಿಸ್ಟರನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ನನ್ನ ತಂದೆಗೆ 68 ವರ್ಷ. ಪಾರ್ಶ್ವವಾಯುವಿನಿಂದ ಬಲಗೈ ಸ್ವಾಧೀನ ತಪ್ಪಿದೆ. ಫಿಸಿಯೋಥೆರಪಿ ಮಾಡಿಸಿದ ಮೇಲೆ ಕೋಲು ಹಿಡಿದು ನಡೆಯುತ್ತಾರೆ. ಆದರೆ ಊಟ, ಸ್ನಾನ, ಬಟ್ಟೆ ಹಾಕಿಕೊಳ್ಳುವುದಕ್ಕೆಲ್ಲ ಇನ್ನೊಬ್ಬರು ಬೇಕು. ವೈದ್ಯರು ಆಕ್ಯುಪೇಷನಲ್ ಥೆರಪಿ (ನಿತ್ಯದ ಕೆಲಸಗಳನ್ನು ಸ್ವಂತವಾಗಿ ಮಾಡಿಕೊಳ್ಳಲು ಕಲಿಸುವ ಚಿಕಿತ್ಸೆ) ಮಾಡಿಸಲು ಹೇಳಿದ್ದಾರೆ. ಪರವಾನಗಿ ಇರುವವರು ನಮ್ಮ ಕಡೆ ಎಲ್ಲಿ ಸಿಗುತ್ತಾರೆ?
– ಓದುಗರೊಬ್ಬರು, ಕಾಪು

ಉತ್ತರ: ಈ ವಿಷಯದಲ್ಲಿ ಉಡುಪಿ ಜಿಲ್ಲೆಯವರು ಅದೃಷ್ಟವಂತರೆಂದೇ ಹೇಳಬೇಕು. ಮಣಿಪಾಲದಲ್ಲಿ ಆಕ್ಯುಪೇಷನಲ್ ಥೆರಪಿಯ ಪದವಿ ಮತ್ತು ಸ್ನಾತಕೋತ್ತರ ಶಿಕ್ಷಣ ನಡೆಯುತ್ತಿದ್ದು, ಕಸ್ತೂರ್ಬಾ ಆಸ್ಪತ್ರೆಯಲ್ಲಿ ಈ ಚಿಕಿತ್ಸೆಯೂ ದೊರೆಯುತ್ತದೆ. ತಂದೆಯವರ ಡಿಸ್ಚಾರ್ಜ್ ಸಮ್ಮರಿಯೊಂದಿಗೆ ಮೊದಲು ಅಲ್ಲಿಗೆ ಹೋಗಿ. ನಿತ್ಯದ ಓಡಾಟ ಕಷ್ಟವೆನಿಸಿದರೆ ಕಾಪು, ಪಡುಬಿದ್ರಿ ಕಡೆಗೆ ಮನೆಗೇ ಬರುವವರು ಯಾರಾದರೂ ಇದ್ದಾರೆಯೇ ಎಂದು ಅಲ್ಲಿಯೇ ವಿಚಾರಿಸಿ.

ಇನ್ನು ಪರವಾನಗಿಯ ಮಾತು. ನೋಡಬೇಕಾದ ಮೊದಲ ದಾಖಲೆ ಬಿ.ಒ.ಟಿ. (ಬ್ಯಾಚುಲರ್ ಆಫ್ ಆಕ್ಯುಪೇಷನಲ್ ಥೆರಪಿ) ಪದವಿ, ಇದು ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷಕ್ಕೂ ಮೀರಿದ ವ್ಯಾಸಂಗವೇ ಹೊರತು ಕೆಲವು ವಾರಗಳ ಸರ್ಟಿಫಿಕೇಟ್ ಕೋರ್ಸ್ ಅಲ್ಲ. 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಆಕ್ಯುಪೇಷನಲ್ ಥೆರಪಿಸ್ಟರ ಸಂಘದ ಸದಸ್ಯತ್ವವಿದ್ದರೆ ಅದೂ ಒಂದು ಭರವಸೆಯೇ. ಸಹಾಯಕ ಆರೋಗ್ಯ ವೃತ್ತಿಗಳಿಗೆಂದು 2021ರಲ್ಲಿ ಬಂದ ಕೇಂದ್ರ ಕಾಯ್ದೆಯ ವ್ಯಾಪ್ತಿಗೆ ಈ ವೃತ್ತಿಯೂ ಸೇರಿರುವುದರಿಂದ, ಆ ಕಾಯ್ದೆಯಡಿ ನೋಂದಣಿ ಆಗಿದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಅನೇಕರು ಎಡವುವುದು ಇನ್ನೊಂದು ಕಡೆ: ಗೋಡೆಯ ಮೇಲಿನ ಭಾರತೀಯ ಪುನರ್ವಸತಿ ಪರಿಷತ್ತಿನ ಪ್ರಮಾಣಪತ್ರ ನೋಡಿ ಸಮಾಧಾನಪಡುತ್ತಾರೆ. ಆ ಪರಿಷತ್ತು ವಾಕ್ ಚಿಕಿತ್ಸಕರು, ವಿಶೇಷ ಶಿಕ್ಷಕರು ಮೊದಲಾದವರನ್ನು ನೋಂದಾಯಿಸುತ್ತದೆ. ಆಕ್ಯುಪೇಷನಲ್ ಥೆರಪಿಸ್ಟರು ಅದರ ಪಟ್ಟಿಯಲ್ಲಿಲ್ಲ. ಕ್ಲಿನಿಕ್ಕಿನ ನೋಂದಣಿ ಪತ್ರವೂ ಅಷ್ಟೇ, ಅದು ಸಂಸ್ಥೆಗೆ ಕೊಟ್ಟದ್ದು, ಚಿಕಿತ್ಸಕರ ವಿದ್ಯಾರ್ಹತೆಗೆ ಸಾಕ್ಷಿಯಲ್ಲ.

ಕಾಗದಪತ್ರ ಸರಿಯಿದ್ದರೂ, ನನ್ನ ಅನುಭವದಲ್ಲಿ, ಕೆಲಸಗಾರಿಕೆ ತಿಳಿಯುವುದು ಮೊದಲ ಭೇಟಿಯಲ್ಲೇ. ಬಲ್ಲವರು ಕೈಯ ಶಕ್ತಿಯನ್ನಷ್ಟೇ ಅಳೆದು ಬಿಡುವುದಿಲ್ಲ. ತಂದೆಯವರು ನೆಲದ ಮೇಲೆ ಕುಳಿತು ಉಣ್ಣುವವರೇ, ಬಚ್ಚಲಿನ ಹೊಸ್ತಿಲು ಎಷ್ಟು ಎತ್ತರ, ಶೌಚಾಲಯ ಯಾವ ಬಗೆಯದು ಎಂದೆಲ್ಲ ಕೇಳಿ, ಅಂಗಿ ತೊಡಲು ಹೇಳಿ ಪಕ್ಕದಲ್ಲಿ ನಿಂತು ಗಮನಿಸುತ್ತಾರೆ. ತೊಡುವಾಗ ಬಲಗುಂದಿದ ಕೈಯನ್ನು ಮೊದಲು ಅಂಗಿಯ ತೋಳಿಗೆ ಏರಿಸಬೇಕು, ಕಳಚುವಾಗ ಅದನ್ನು ಕೊನೆಗೆ ಬಿಡಿಸಬೇಕು ಎಂಬ ಕ್ರಮವನ್ನು ಮನೆಯವರಿಗೂ ಮಾಡಿ ತೋರಿಸುತ್ತಾರೆ. ಗಂಜಿಯ ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡುವುದು, ಬಚ್ಚಲಲ್ಲಿ ಎಡಗೈಗೆ ಎಟಕುವಂತೆ ಹಿಡಿಕಂಬಿ ಹಾಕಿಸುವುದು ಕೂಡ ಚಿಕಿತ್ಸೆಯ ಭಾಗವೇ. ಫಿಸಿಯೋಥೆರಪಿಯ ವ್ಯಾಯಾಮಗಳನ್ನೇ ಮತ್ತೆ ಮಾಡಿಸಿ ಕಳುಹಿಸುವವರಾದರೆ ಬೇರೆಯವರನ್ನು ನೋಡುವುದು ಲೇಸು.

ಶುಲ್ಕ ಕೇಳುವಾಗಲೇ, ಮೊದಲ ತಿಂಗಳಲ್ಲಿ ತಂದೆಯವರು ಯಾವ ಕೆಲಸವನ್ನು ಸ್ವಂತವಾಗಿ ಮಾಡಬೇಕೆಂಬ ಗುರಿಯಿದೆ ಎಂಬುದನ್ನೂ ಕೇಳಿ ಬರೆಸಿಕೊಳ್ಳಿ. ಫಿಸಿಯೋಥೆರಪಿಯನ್ನು ಈಗಲೇ ನಿಲ್ಲಿಸಬೇಡಿ. ಎರಡೂ ಜೊತೆಯಲ್ಲಿ ನಡೆಯಬಹುದು.