ಮನೆ ಸಾಗಿಸುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮುಂದಿನ ತಿಂಗಳು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುತ್ತಿದ್ದೇವೆ. ಹಿಂದಿನ ಸಲ ಮನೆ ಬದಲಾಯಿಸಿದಾಗ ಪುಸ್ತಕದ ಎರಡು ರಟ್ಟಿನ ಪೆಟ್ಟಿಗೆಗಳ ತಳ ಕಳಚಿತು. ಬಟ್ಟೆ ಸುತ್ತಿಟ್ಟಿದ್ದರೂ ಪಿಂಗಾಣಿ ತಟ್ಟೆಗಳಲ್ಲಿ ಅರ್ಧಕ್ಕರ್ಧ ಒಡೆದವು. ಎಲ್ಲಿ ತಪ್ಪಾಯಿತು? (ಹುಬ್ಬಳ್ಳಿಯ ಓದುಗರು)

ಉತ್ತರ: ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸಿ ಇಟ್ಟಿರಬಹುದು. ಬಹಳಷ್ಟು ಮನೆಗಳಲ್ಲಿ ಆಗುವ ತಪ್ಪು ಇದೇ. ಲಾರಿ ರಸ್ತೆಯುಬ್ಬಿನ ಮೇಲೆ ಎಗರಿದಾಗಲೆಲ್ಲ ಮೇಲಿನ ಅಷ್ಟೂ ತಟ್ಟೆಗಳ ಭಾರ ತಳದ ತಟ್ಟೆಯ ಮೇಲೆ ಕುಕ್ಕುತ್ತದೆ. ಪಾತ್ರೆ ಸ್ಟ್ಯಾಂಡಿನಲ್ಲಿ ನಿಲ್ಲಿಸುವ ಹಾಗೆ ಅಂಚಿನ ಮೇಲೆ ನಿಲ್ಲಿಸಿ. ಪಿಂಗಾಣಿ ಆ ದಿಕ್ಕಿನಲ್ಲಿ ಗಟ್ಟಿ. ಪೆಟ್ಟಿಗೆ 5 ಪದರದ್ದಿರಲಿ. ತಳಕ್ಕೆ ಮುದ್ದೆ ಮಾಡಿದ ಕಾಗದ 2ರಿಂದ 3 ಅಂಗುಲ, ಪ್ರತಿ ತಟ್ಟೆಗೂ ಬೇರೆಯದೇ ಸುತ್ತು, ಮೇಲೆ ಮತ್ತೆ 2 ಅಂಗುಲ ಕಾಗದ. ಮುಚ್ಚಿದ ಮೇಲೆ ಪೆಟ್ಟಿಗೆಯನ್ನು ಮೆಲ್ಲಗೆ ಅಲುಗಾಡಿಸಿ ನೋಡಿ. ಒಳಗೆ ಸದ್ದಾದರೆ ಎಲ್ಲೋ ಖಾಲಿ ಜಾಗ ಉಳಿದಿದೆ ಎಂದರ್ಥ. ಬಿಚ್ಚಿ ತುಂಬಿಸಲೇಬೇಕು, ಉದಾಸೀನ ಬೇಡ. ದಿನಪತ್ರಿಕೆಯ ಶಾಯಿ ಬಿಳಿ ಪಿಂಗಾಣಿಗೆ ಹತ್ತುತ್ತದೆ. ಒಳಸುತ್ತಿಗೆ ಹಳೆಯ ಪಂಚೆ, ಟವೆಲ್ ಬಳಸಿ. ಅವನ್ನೂ ಹೇಗಿದ್ದರೂ ಸಾಗಿಸಲೇಬೇಕಲ್ಲ.

ತಳ ಕಳಚಿದ್ದು ಭಾರಕ್ಕೆ. ಪುಸ್ತಕಕ್ಕೆ ದೊಡ್ಡ ಪೆಟ್ಟಿಗೆ ಬೇಡವೇ ಬೇಡ. ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದು ಸಾಕು. 15 ಕೆ.ಜಿ. ಆಗುತ್ತಿದ್ದಂತೆ ಪುಸ್ತಕ ನಿಲ್ಲಿಸಿ, ಮೇಲೆ ಉಳಿದ ಜಾಗಕ್ಕೆ ದಿಂಬಿನ ಕವರು, ಬಟ್ಟೆ ತುಂಬಿ. ಟೇಪನ್ನು ನಡುವಿನ ಸೀಳಿಗೆ ಮಾತ್ರ ಹಚ್ಚಿದರೆ ಸಾಲದು. ಎರಡೂ ಪಕ್ಕದ ಅಂಚುಗಳಿಗೂ ಹಚ್ಚಿ, ಪ್ರತಿ ಪಟ್ಟಿಯನ್ನು ಪೆಟ್ಟಿಗೆಯ ಗೋಡೆಯ ಮೇಲೆ 3 ಅಂಗುಲದಷ್ಟಾದರೂ ಹತ್ತಿಸಿ. ಅಂಗಡಿಯಿಂದ ತಂದ ಹಳೆಯ ರಟ್ಟು ಒಮ್ಮೆ ತೇವಗೊಂಡಿದ್ದರೆ ಒಣಗಿದ ಮೇಲೂ ಅದಕ್ಕೆ ಮೊದಲಿನ ಬಲ ಬರುವುದಿಲ್ಲ. ಅಂಥದ್ದರಲ್ಲಿ ಬಟ್ಟೆ ಬಿಟ್ಟು ಬೇರೇನೂ ಹಾಕಬೇಡಿ.

ಅಡುಗೆಮನೆಯದೇ ಇನ್ನೆರಡು ಮಾತು. ಗ್ರೈಂಡರಿನ ಗುಂಡುಕಲ್ಲುಗಳನ್ನು ತೆಗೆದು ಗೋಣಿಚೀಲದಲ್ಲಿ ಬೇರೆಯಾಗಿ ಕಟ್ಟಿ. ಒಳಗೇ ಬಿಟ್ಟರೆ ದಾರಿಯುದ್ದಕ್ಕೂ ಕುಕ್ಕಿ ನಡುವಿನ ಕಂಬಿ ಸೊಟ್ಟಗಾಗಬಹುದು. ಉಪ್ಪಿನಕಾಯಿ ಭರಣಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು, ಅದರ ಮೇಲೆ ಮುಚ್ಚಳ ಹಾಕಿ, ಬಕೆಟ್ಟಿನಲ್ಲಿ ನಿಲ್ಲಿಸಿ, ಸುತ್ತ ಕಾಗದ ತುರುಕಿ. ಎಣ್ಣೆ ಜಿನುಗಿದರೂ ಬಕೆಟ್ಟಿನಲ್ಲೇ ಉಳಿಯುತ್ತದೆ.

ಪ್ರಶ್ನೆ: ತುಂಬಿದ ಗ್ಯಾಸ್ ಸಿಲಿಂಡರ್ ಒಂದಿದೆ. ಸಾಮಾನಿನ ಜೊತೆಗೇ ಲಾರಿಯಲ್ಲಿ ಹಾಕಬಹುದೇ? (ಮಂಡ್ಯದ ಓದುಗರು)

ಉತ್ತರ: ಖಂಡಿತ ಬೇಡ. ಅಡುಗೆ ಅನಿಲ ಗಾಳಿಗಿಂತ ಭಾರ. ಮುಚ್ಚಿದ ಲಾರಿಯಲ್ಲಿ ಸೋರಿದರೆ ಹಾಸಿಗೆ, ಬಟ್ಟೆಗಳ ಸಂದಿಯಲ್ಲಿ ಕೆಳಗೇ ಸೇರಿಕೊಂಡಿರುತ್ತದೆ, ಹೊರಗೆ ಹೋಗುವುದಿಲ್ಲ. ಒಂದು ಕಿಡಿ ತಾಕಿದರೆ ಮುಗಿಯಿತು. ಬೇರೆ ಊರಿಗೆ ಹೋಗುವಾಗ ಸಿಲಿಂಡರನ್ನೂ ರೆಗ್ಯುಲೇಟರನ್ನೂ ಗ್ಯಾಸ್ ಏಜೆನ್ಸಿಗೆ ಒಪ್ಪಿಸಿ. ಸಂಪರ್ಕ ಪಡೆದಾಗ ಕೊಟ್ಟಿದ್ದ ಸಬ್‌ಸ್ಕ್ರಿಪ್ಷನ್ ವೋಚರ್ ತೋರಿಸಿದರೆ ಆಗ ಕಟ್ಟಿದ್ದ ಠೇವಣಿ ವಾಪಸು ಬರುತ್ತದೆ, ಟರ್ಮಿನೇಷನ್ ವೋಚರ್ ಸಿಗುತ್ತದೆ. ಅದನ್ನು ಜೋಪಾನ ಮಾಡಿ. ಹೊಸ ಊರಿನಲ್ಲಿ ಅದನ್ನು ಕೊಟ್ಟು, ಈಗಿನ ದರದ ಠೇವಣಿ ಕಟ್ಟಿ ಸಂಪರ್ಕ ಪಡೆಯಬೇಕು. ಒಲೆಯನ್ನು ಒಯ್ಯಬಹುದು. ಒಪ್ಪಿಸುವ ಕೆಲಸವನ್ನು ಹೊರಡುವ ದಿನಕ್ಕೆ ಇಟ್ಟುಕೊಳ್ಳದೆ ಎರಡು ಮೂರು ದಿನ ಮೊದಲೇ ಮುಗಿಸಿ, ಹೊರಡುವವರೆಗೆ ಇಂಡಕ್ಷನ್ ಒಲೆಯಲ್ಲಿ ನಡೆಸಿ.

ಪ್ರಶ್ನೆ: ಫ್ರಿಜ್, ಮುಂಬಾಗಿಲಿನ (ಫ್ರಂಟ್ ಲೋಡ್) ವಾಷಿಂಗ್ ಮೆಷಿನ್, ಇನ್ವರ್ಟರ್ ಬ್ಯಾಟರಿ ಇವನ್ನು ಹೇಗೆ ಸಾಗಿಸಬೇಕು? (ಶಿವಮೊಗ್ಗದ ಓದುಗರು)

ಉತ್ತರ: ಫ್ರಿಜ್ಜನ್ನು ಹಿಂದಿನ ದಿನವೇ ಆಫ್ ಮಾಡಿ ಬಾಗಿಲು ತೆರೆದಿಡಿ. ಗಾಜಿನ ಶೆಲ್ಫುಗಳನ್ನು ತೆಗೆದು ಬೇರೆ ಸುತ್ತಿ. ಹಿಂಬದಿಯ ತಟ್ಟೆಯ ನೀರು ಚೆಲ್ಲುವುದನ್ನು ಮರೆತರೆ ಪಕ್ಕದ ಹಾಸಿಗೆ ನೆನೆಯುತ್ತದೆ. ಸಾಗಿಸುವಾಗ ನಿಂತೇ ಇರಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಕೊಳವೆಗಳಿಗೆ ಹರಿಯುತ್ತದೆ. ಹೊಸ ಮನೆಯಲ್ಲಿ ನಿಲ್ಲಿಸಿ 4 ಗಂಟೆ ಬಿಟ್ಟು ಆನ್ ಮಾಡಿ. ಮಲಗಿಸಲೇಬೇಕಾಗಿ ಬಂದಿದ್ದರೆ ಒಂದು ದಿನ ಕಾಯುವುದು ಕ್ಷೇಮ.

ಮುಂಬಾಗಿಲಿನ ಮೆಷಿನ್ ಕೊಂಡಾಗ ಹಿಂಬದಿಯಲ್ಲಿ ಉದ್ದನೆಯ ಬೋಲ್ಟುಗಳಿದ್ದವು, ಸಾಮಾನ್ಯವಾಗಿ 3 ಅಥವಾ 4. ಅವನ್ನು ಹುಡುಕಿ ಮತ್ತೆ ಹಾಕಿಸಿ. ಡ್ರಮ್ಮು ಸ್ಪ್ರಿಂಗುಗಳ ಮೇಲೆ ತೂಗುತ್ತಿರುತ್ತದೆ. ಬೋಲ್ಟಿಲ್ಲದೆ ಸಾಗಿಸಿದರೆ ಅಲ್ಲಾಡಿ ಹೊರಕವಚಕ್ಕೆ ಬಡಿಯುತ್ತದೆ. ಬೋಲ್ಟು ಕಳೆದಿದ್ದರೆ ಆ ಮಾದರಿಯದ್ದನ್ನೇ ಸರ್ವಿಸ್ ಸೆಂಟರಿನಿಂದ ತರಿಸಿ. ಹೊಸ ಮನೆಯಲ್ಲಿ ಅವನ್ನು ತೆಗೆಯುವವರೆಗೂ ಮೆಷಿನ್ ಓಡಿಸಬಾರದು. ಮುಂದೆ ಕೆಳಗಿರುವ ಫಿಲ್ಟರ್ ಬಿಚ್ಚಿ ಉಳಿದ ನೀರನ್ನೂ ತೆಗೆಯಿರಿ.

ಬ್ಯಾಟರಿಯ ವಿಷಯದಲ್ಲಿ ಅವಸರ ಬೇಡ. ಮೊದಲು ವಿದ್ಯುತ್ ಸಂಪರ್ಕ ತಪ್ಪಿಸಿ, ಇನ್ವರ್ಟರ್ ಆಫ್ ಮಾಡಿ. ನಂತರ ಕಪ್ಪು ತಂತಿ, ಆಮೇಲೆ ಕೆಂಪು. ಜೋಡಿಸುವಾಗ ಕೆಂಪು ಮೊದಲು. ತುದಿಗಳಿಗೆ ಇನ್ಸುಲೇಷನ್ ಟೇಪು ಸುತ್ತಿ. 150 ಎ.ಎಚ್. ಟ್ಯೂಬುಲರ್ ಬ್ಯಾಟರಿ 50 ಕೆ.ಜಿ.ಗೂ ಹೆಚ್ಚು ತೂಗುತ್ತದೆ, ಇಬ್ಬರು ಹಿಡಿಯಲಿ. ಒಳಗಿರುವುದು ಗಂಧಕಾಮ್ಲ, ಆದ್ದರಿಂದ ವಾಲಿಸಬೇಡಿ, ಲಾರಿಯಲ್ಲಿ ಅಲುಗದಂತೆ ಕಟ್ಟಿಸಿ, ಬಟ್ಟೆ ಗಂಟಿನಿಂದ ದೂರವಿಡಿ.

ಪ್ರಶ್ನೆ: ಪೆಟ್ಟಿಗೆಗಳ ಮೇಲೆ ಹೆಸರು ಬರೆದಿದ್ದರೂ ಬೇಕಾದದ್ದು ಸಿಗುವುದಿಲ್ಲ. ಏನು ಮಾಡಲಿ? (ಉಡುಪಿಯ ಓದುಗರು)

ಉತ್ತರ: ಮೇಲ್ಭಾಗದಲ್ಲಿ ಬರೆದದ್ದು ಇನ್ನೊಂದು ಪೆಟ್ಟಿಗೆಯ ಅಡಿಗೆ ಹೋಗುತ್ತದೆ. ಎರಡು ಪಕ್ಕಗಳಲ್ಲಿ ಬರೆಯಿರಿ: ಸಂಖ್ಯೆ, ಜೊತೆಗೆ ಹೊಸ ಮನೆಯಲ್ಲಿ ಅದು ಹೋಗಬೇಕಾದ ಕೋಣೆ. ಒಳಗೇನಿದೆ ಎಂಬುದು ನಿಮ್ಮ ನೋಟ್‌ಬುಕ್ಕಿನಲ್ಲಿ ಮಾತ್ರ ಇರಲಿ. ಇಳಿಸುವಾಗ ಒಬ್ಬರು ಬಾಗಿಲಲ್ಲಿ ನಿಂತು ಸಂಖ್ಯೆಗಳಿಗೆ ಗುರುತು ಹಾಕಿದರೆ ಯಾವುದು ಬಂದಿಲ್ಲ ಎಂಬುದು ಲಾರಿ ಹೊರಡುವ ಮುನ್ನವೇ ತಿಳಿಯುತ್ತದೆ. ಒಡವೆ, ಮನೆಪತ್ರ, ಅಂಕಪಟ್ಟಿ ಲಾರಿಗೆ ಹತ್ತದೆ ನಿಮ್ಮ ಕೈಚೀಲದಲ್ಲಿರಲಿ. 1ನೇ ಸಂಖ್ಯೆಯ ಪೆಟ್ಟಿಗೆ ಕೊನೆಗೆ ಹತ್ತಿ ಮೊದಲು ಇಳಿಯಬೇಕು. ಅದರಲ್ಲಿ ಹಾಲುಕ್ಕಿಸುವ ಪಾತ್ರೆ, ಇಂಡಕ್ಷನ್ ಒಲೆ, ದೀಪ, ಬೆಂಕಿಪೊಟ್ಟಣ, ಸಕ್ಕರೆ, ಕಾಫಿಪುಡಿ, ಔಷಧಿ, ಒಂದು ಬಲ್ಬು, ಸ್ಕ್ರೂಡ್ರೈವರ್, ಕತ್ತರಿ ಮತ್ತು ಪೊರಕೆ ಇರಲಿ.