ಓದುಗರ ಪ್ರಶ್ನೆ: ದಾರಿಯೂ ಜಗಲಿಯೂ

ಪ್ರಶ್ನೆ: ಪ್ರವಾಸ ಲೇಖಕರಾದ ತಾವು ಬರೆಯುವುದು ದಾರಿಯಲ್ಲೋ, ಮನೆಯಲ್ಲೋ? (ಓದುಗರೊಬ್ಬರು, ಮಂಜೇಶ್ವರ)

ಉತ್ತರ: ದಾರಿಯಲ್ಲಿ ನಾನು ಗುರುತು ಹಾಕಿಕೊಳ್ಳುವುದು ಊರಿನ ಹೆಸರು, ಬಸ್ಸಿನ ವೇಳೆ, ಚಹಾದ ಬೆಲೆ ಇಷ್ಟನ್ನೇ, ಅದು ಲೇಖನವಾಗುವುದು ಕುಂಬಳೆಯ ನಮ್ಮ ಮನೆಯ ಜಗಲಿಯಲ್ಲಿ, ಅಂಗಳದಲ್ಲಿ ಹರವಿದ ಅಡಿಕೆಯ ಮೇಲೂ ಮೋಡದ ಮೇಲೂ ಒಂದು ಕಣ್ಣಿಟ್ಟುಕೊಂಡು. 17ನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕನು ಕಟ್ಟಿಸಿದನೆನ್ನಲಾದ ಬೇಕಲ ಕೋಟೆಯ ಮುರಕಲ್ಲಿನ ಗೋಡೆಗೆ ಒರಗಿ ಎರಡು ಪುಟ ತುಂಬಿಸಿದ್ದೆ; ಕಿಸೆಯಲ್ಲಿದ್ದ ಪುಸ್ತಕ ಬೆವರಿಗೆ ನೆನೆದು, ಮನೆಗೆ ಬಂದು ಬಿಚ್ಚಿದಾಗ ಉಳಿದದ್ದು ನೀಲಿ ಕಲೆ ಮಾತ್ರ. ಅಂದಿನಿಂದ ಪೆನ್ಸಿಲನ್ನೇ ಹಿಡಿದಿದ್ದೇನೆ. ಖರ್ಚಿನ ಲೆಕ್ಕವನ್ನು, ನನ್ನ ಪುಣ್ಯಕ್ಕೆ, ಮನೆಯವರು ಕೇಳುವುದಿಲ್ಲ. ಅಡಿಕೆ ನೆನೆದರೆ ಮಾತ್ರ ಕೇಳುತ್ತಾರೆ.